ಒಬ್ಬಳ ಸಭೆ

ಆಕೆಯ ಬೆರಳ ತುದಿಗಳಲ್ಲಿ ಗೆರೆಗಳೇ ಇರಲಿಲ್ಲ. ಇಪ್ಪತ್ತು ವರ್ಷ ಕುದಿಯುವ ನೀರಿನಲ್ಲಿ ಕೈಯಾಡಿಸಿ, ರೇಷ್ಮೆಗೂಡಿನ ಎಳೆ ಹುಡುಕಿ ಹುಡುಕಿ, ಹತ್ತೂ ಬೆರಳು ಬೆಳ್ಳಗೆ ಊದಿಕೊಂಡು ನುಣ್ಣಗಾಗಿದ್ದವು. ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿದರೆ ಕಾಗದದ ಮೇಲೆ ಬರೀ ಒಂದು ನೀಲಿ ಮಚ್ಚೆ. "ಇದು ಯಾರ ಹೆಬ್ಬೆಟ್ಟು ಅಂತ ಹೆಂಗಮ್ಮ ಹೇಳೋದು?" ಎಂದು ಅಂಗಡಿಯವನು ನಕ್ಕನಂತೆ. ಅವತ್ತೇ ಸಂಜೆ ಒಂದು ಸ್ಲೇಟು ತಂದು ನನ್ನ ಮುಂದೆ ಕುಕ್ಕಿದಳು. "ಟೀಚರಮ್ಮ, ರುಜು ಹಾಕೋದು ಹೇಳ್ಕೊಡು. ಇನ್ನೊಂದು ಸಲ ಅವನು ನಗಬಾರ್ದು." ಹದಿನೈದು ದಿನದಲ್ಲಿ ಕಲಿತಳು. ಅಂಗಡಿಯವನು ಕೇಳಿದ ಜಾಗದಲ್ಲೂ ರುಜು ಹಾಕಿದಳು, ಕೇಳದ ಜಾಗದಲ್ಲೂ ಹಾಕಿ ಬಂದಳು.

ಶಿಡ್ಲಘಟ್ಟದ ಒಂದು ವಠಾರದಲ್ಲಿ ಹನ್ನೊಂದು ವರ್ಷ ನಾನು ಆಕೆಯ ಪಕ್ಕದ ಮನೆಯವಳಾಗಿದ್ದೆ. ಎಂಬತ್ತರ ದಶಕದ ನಡುವೆ ಗೌರಿಬಿದನೂರಿನಿಂದ ಪ್ರೈಮರಿ ಶಾಲೆಯ ಟೀಚರಾಗಿ ಅಲ್ಲಿಗೆ ಬಂದೆ. ಆಗ ನನ್ನ ಗಂಡ ಹಿಂದೂಪುರದಲ್ಲಿ ಇನ್ನೊಂದು ಸಂಸಾರ ಹೂಡಿ ಆರು ತಿಂಗಳಾಗಿತ್ತು. ವಠಾರದವರಿಗೆ ಮಾತ್ರ "ಅವ್ರಿಗೆ ಅಲ್ಲೇ ಕೆಲಸ, ರಜಾ ಸಿಗಲ್ಲ" ಎಂದು ಸುಳ್ಳು ಹೇಳಿಕೊಂಡು ಓಡಾಡುತ್ತಿದ್ದೆ. ಹೆಂಚಿನ ಮನೆಗಳು. ನಡುವಿನ ಗೋಡೆ ಮಾಡಿನವರೆಗೂ ಏರಿರಲಿಲ್ಲ. ಒಬ್ಬರ ಮನೆಯ ಒಗ್ಗರಣೆಗೆ ಇನ್ನೊಬ್ಬರು ಸೀನಬೇಕು, ಹಾಗಿತ್ತು.

ಮೊದಲ ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಗೋಡೆಯಾಚೆ ಹೆಣ್ಣುದನಿಯೊಂದು ಗಟ್ಟಿಯಾಗಿ ಕೇಳಿತು.

"ಯಾರ್ಯಾರು ಬಂದಿದ್ದೀರಿ?"

ಯಾರೋ ಚಾಪೆಯ ಮೇಲೆ ಕೂತ ಸದ್ದು. ಅದೇ ದನಿ, ಸ್ವಲ್ಪ ತಗ್ಗಿ: "ನಾನು ಬಂದಿದ್ದೀನಿ."

ಮತ್ತೆ ಎದ್ದು ನಿಂತ ಸದ್ದು. "ಇನ್ಯಾರು?"

ಮತ್ತೆ ಕೂತು: "ಅವನು ಬಂದಿದ್ದಾನೆ."

ಎದ್ದು: "ಹಂಗಾದ್ರೆ ಸಭೆ ಕೂಡ್ತು."

ಆಮೇಲೆ ತೆಲುಗೂ ಕನ್ನಡವೂ ಕಲಸಿದ ಒಂದು ಹಾಡು. ಬಳಿಕ ನಿಂತುಕೊಂಡು ಪ್ರಾರ್ಥನೆ, ಕೂತುಕೊಂಡು ಆಮೆನ್. ಹೀಗೆ ಒಂದು ಗಂಟೆ. ಆ ಹೊತ್ತಿಗೆ ಬೀದಿಯ ಜನವೆಲ್ಲ ಟಿ.ವಿ. ಇದ್ದ ಮನೆಗೆ ನುಗ್ಗಿರುತ್ತಿದ್ದರು. ಬೀದಿ ಖಾಲಿ ಇದ್ದುದರಿಂದ ಆಕೆಯ ದನಿ ಇನ್ನೂ ಜೋರಾಗಿ ಕೇಳುತ್ತಿತ್ತು. ಮೂರನೆಯ ಭಾನುವಾರ ನನಗೆ ತಲೆ ಕೆಟ್ಟುಹೋಯಿತು. ಲೋಟದಿಂದ ಗೋಡೆ ಕುಟ್ಟಿ, "ಯಾರ ಹತ್ರ ಮಾತಾಡ್ತಿದ್ದೀರಿ ಅಷ್ಟು ಜೋರಾಗಿ?" ಎಂದು ಕೂಗಿದೆ.

"ನಿನ್ನ ಹತ್ರ ಅಂತೂ ಅಲ್ಲಮ್ಮ," ಆಚೆಯಿಂದ ಉತ್ತರ ಬಂತು. "ಯಾಕೆ, ಹೊಟ್ಟೆಕಿಚ್ಚಾ?"

ಹೊಟ್ಟೆಕಿಚ್ಚೇ ಆಗಿತ್ತು. ಒಪ್ಪಿಕೊಳ್ಳೋಕೆ ನನಗೆ ವರ್ಷ ಹಿಡಿಯಿತು.

ಬೀದಿಯವರು ಆಕೆಗೆ ಆಮೆನ್ನಮ್ಮ ಎಂದು ಅಡ್ಡಹೆಸರಿಟ್ಟಿದ್ದರು. ನನಗೆ ಮಾತ್ರ ಅಕ್ಕ. ಅಕ್ಕ ದೇವತೆಯೇನೂ ಅಲ್ಲ. ನಲ್ಲಿಯ ಸಾಲಿನಲ್ಲಿ ಮುಂದಿನವರ ಕೊಡವನ್ನು ಕಾಲಿನಿಂದ ಸರಿಸುವವಳೇ. ಬೈಗುಳವೆಲ್ಲ ತೆಲುಗಿನಲ್ಲಿ, ಅದೂ ಚಿಂತಾಮಣಿ ಕಡೆಯ ಖಾರದ ತೆಲುಗಿನಲ್ಲಿ. ಪ್ರಾರ್ಥನೆ ಮುಗಿಸಿ ಹೊರಗೆ ಬಂದವಳೇ ಜಗಳ ಎಲ್ಲಿಗೆ ನಿಂತಿತ್ತೋ ಅಲ್ಲಿಂದಲೇ ಶುರುಮಾಡುತ್ತಿದ್ದಳು. ಡಿಸೆಂಬರ್ ಬಂತೆಂದರೆ ಹುಳು ಗೂಡು ಕಟ್ಟುವ ಮುರಿದ ಚಂದ್ರಿಕೆಯಿಂದ ಬಿದಿರ ಕಡ್ಡಿ ಕಿತ್ತು, ಬಣ್ಣದ ಕಾಗದ ಅಂಟಿಸಿ ನಕ್ಷತ್ರ ಮಾಡಿ ಬಾಗಿಲಿಗೆ ಕಟ್ಟುತ್ತಿದ್ದಳು. ಕ್ರಿಸ್‌ಮಸ್ ದಿನ ಕಜ್ಜಾಯ ಎಲ್ಲರ ಮನೆಗೂ ಹೋಗಬೇಕು. ಹಿಂದಿನ ದಿನ ಕಿತ್ತಾಡಿದವರ ಮನೆಗೆ ಎರಡು ಜಾಸ್ತಿ.

ಸಭೆಯ ವಿಷಯ ನನಗೆ ಆಮೇಲೆ ತಿಳಿಯಿತು. ಆಕೆ ನೂಲು ತೆಗೆಯುತ್ತಿದ್ದುದು ಒಬ್ಬ ಸಾಹೇಬರ ಘಟಕದಲ್ಲಿ. ಅಲ್ಲಿ ವಾರದ ರಜೆ ಶುಕ್ರವಾರ. ಭಾನುವಾರ ಎಲ್ಲರಂತೆ ದುಡಿಮೆ. ಆಕೆ ಹೋಗಿ ಸಾಹೇಬರ ಮುಂದೆ ನಿಂತಳಂತೆ. "ಭಾನುವಾರ ಬೆಳಿಗ್ಗೆ ಎರಡು ಗಂಟೆ ಹೊತ್ತು ಬಿಡಿ. ಅದರ ಬದಲು ಶುಕ್ರವಾರ ಒಬ್ಬಳೇ ಬಂದು ಎಲ್ಲ ತೊಟ್ಟಿ ತೊಳೆದು ಇಡ್ತೀನಿ." ಸಾಹೇಬರು ಗಡ್ಡ ಕೆರೆದುಕೊಂಡು, "ಅರೆ, ದೇವರ ಹತ್ರ ಹೋಗ್ತೀನಿ ಅನ್ನೋಳನ್ನ ತಡೆಯೋಕೆ ನಾನ್ಯಾರಮ್ಮ?" ಅಂದರಂತೆ. ಆದರೆ ಎರಡು ಗಂಟೆಯಲ್ಲಿ ಚಿಕ್ಕಬಳ್ಳಾಪುರದ ಚರ್ಚಿಗೆ ಬಸ್ಸಿನಲ್ಲಿ ಹೋಗಿ ಬರುವುದು ಆಗುವ ಮಾತಲ್ಲ. ಅಲ್ಲಿನ ಹಿರಿಯ ಪಾದ್ರಿಗಳನ್ನೇ ತಿಂಗಳಿಗೊಮ್ಮೆ ಬನ್ನಿ ಎಂದು ಕೇಳಿಕೊಂಡಳು. "ಒಬ್ಬಳಿಗೋಸ್ಕರ ಸಭೆ ನಡೆಸೋಕಾಗಲ್ಲಮ್ಮ. ಕೊನೇಪಕ್ಷ ಇಬ್ಬರಾದ್ರೂ ಬೇಕು" ಅಂದರು ಅವರು.

"ನಾನು ಬಸ್ಸಲ್ಲಿ ಕೂತು ವಾಪಸ್ ಬರ್ತಾ ಎಣಿಸ್ದೆ ಟೀಚರಮ್ಮ. ನಾನೊಬ್ಬಳು. ಅವನೊಬ್ಬ. ಇಬ್ಬರಾದ್ವಲ್ಲ!" ಎಂದು ಎರಡು ಬೋಳು ಬೆರಳು ಎತ್ತಿ ತೋರಿಸಿದಳು. ಓದು ಬಾರದ್ದರಿಂದ ಬೈಬಲ್ ಪುಸ್ತಕವನ್ನು ಎದೆಗೆ ಒತ್ತಿ ಹಿಡಿದುಕೊಂಡು, ತನಗೆ ತೋಚಿದ ಹಾಗೆ ಸಭೆ ಕಟ್ಟಿಕೊಂಡಿದ್ದಳು. ಕೇಳುವವಳೂ ಅವಳೇ, ಹೇಳುವವಳೂ ಅವಳೇ.

ಆಮೇಲೆ ಕಾಫಿ ಲೋಟ ತಿರುಗಿಸುತ್ತಾ ಕೂತಳು. "ಒಂದೇ ಒಂದು ದಿನ ನನ್ನ ಕೈಲಾಗಲ್ಲ. ನಾನು ಹೋದ ದಿನ. ಅವತ್ತು ನಿಂತು ಕೇಳೋರು ಯಾರು? ಸಭೆ ಕೂಡದೇನೇ ನನ್ನ ಮಣ್ಣು ಮಾಡಿಬಿಡ್ತಾರಲ್ಲ. ಬೇರೆ ಯಾವುದಕ್ಕೂ ನಂಗೆ ಭಯ ಇಲ್ಲ ಕಣಮ್ಮ. ನೀನು ಕೇಳ್ತೀಯಾ?"

"ಅಕ್ಕ, ನಾನು ನಿಮ್ಮೋಳಲ್ಲ," ಅಂದೆ.

"ನಮ್ಮೋಳಾ ಅಂತ ಕೇಳಿದ್ನಾ? ಗಂಟಲಿದೆಯಾ ಅಂತ ಕೇಳ್ದೆ."

ತರಕಾರಿ ಹೆಚ್ಚುವುದಿದೆ ಎಂದು ಎದ್ದುಬಂದೆ. ಇವತ್ತಿಗೂ ಅದನ್ನು ನೆನೆದರೆ ನಾಚಿಕೆಯಾಗುತ್ತದೆ.

ಮುಂದಿನ ಬೇಸಿಗೆ ರಜೆಯಲ್ಲಿ ಗೌರಿಬಿದನೂರಿನಿಂದ ನಮ್ಮಣ್ಣ ಬಂದ. ನನ್ನ ಗಂಡನಿಗೆ ಹಿಂದೂಪುರದಲ್ಲಿ ಗಂಡುಮಗು ಹುಟ್ಟಿದೆ ಎಂಬ ಸುದ್ದಿ ತಂದಿದ್ದ. "ಇನ್ನು ಯಾರಿಗೆ ಕಾಯ್ತೀಯ? ಕೆಲಸಕ್ಕೆ ರಾಜೀನಾಮೆ ಬರೆದುಕೊಟ್ಟು ಮನೆಗೆ ಬಾ. ನಮ್ಮ ಮಕ್ಕಳನ್ನ ನೋಡ್ಕೊಂಡು ಒಂದು ಮೂಲೇಲಿ ಇರುವಂತೆ. ಭಾನುವಾರ ಬಂದು ಕರ್ಕೊಂಡು ಹೋಗ್ತೀನಿ" ಎಂದು ಹೇಳಿ ಹೋದ. ಕದ ಹಾಕಿಕೊಂಡೆ. ನಾಲ್ಕು ದಿನ ಒಲೆ ಹಚ್ಚಲಿಲ್ಲ. ಸಾಯಬೇಕು ಅಂತಲೂ ಅನಿಸಲಿಲ್ಲ, ಏಳಬೇಕು ಅಂತಲೂ ಅನಿಸಲಿಲ್ಲ. ನಾನು ಇಲ್ಲಿ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ ಅಂತ ಗೊತ್ತಾಗಿಹೋಗಿತ್ತು.

ಭಾನುವಾರ ಬೆಳಿಗ್ಗೆ ಅಕ್ಕ ಬಾಗಿಲು ಒದ್ದಳು. ತಟ್ಟಲಿಲ್ಲ, ಒದ್ದಳು. ಅಗುಳಿ ಕಿತ್ತುಬಂತು. ರಟ್ಟೆ ಹಿಡಿದು ನನ್ನನ್ನು ಎಳೆದುಕೊಂಡು ಹೋಗಿ ತನ್ನ ಚಾಪೆಯ ಮೇಲೆ ಕೂರಿಸಿ ಎದುರಿಗೆ ನಿಂತಳು.

"ಯಾರ್ಯಾರು ಬಂದಿದ್ದೀರಿ?"

ನಾನು ಮೊಣಕಾಲಿಗೆ ಮುಖ ಒತ್ತಿಕೊಂಡೆ.

"ಯಾರ್ಯಾರು ಬಂದಿದ್ದೀರಿ?"

"ಬಿಡಿ ಅಕ್ಕ, ದಮ್ಮಯ್ಯ."

"ದಿನಾ ಬೆಳಿಗ್ಗೆ ನಲವತ್ತು ಮಕ್ಕಳ ಹತ್ರ ಹಾಜರಿ ಹೇಳಿಸ್ತೀಯಲ್ಲ. ನಿನ್ನ ಹಾಜರಿ ನೀನು ಹೇಳೋಕೆ ಏನೇ ರೋಗ? ಯಾರ್ಯಾರು ಬಂದಿದ್ದೀರಿ?"

"ನಾನು ಬಂದಿದ್ದೀನಿ!" ಎಂದು ಕಿರುಚಿದೆ. ಸಿಟ್ಟಿಗೇ ಕಿರುಚಿದ್ದು. ಆದರೆ ಬಾಯಿಂದ ಹೊರಗೆ ಬಂದಮೇಲೆ ಆ ಮಾತು ನಿಜ ಅನಿಸಿಬಿಟ್ಟಿತು. ನಾಲ್ಕು ದಿನದಿಂದ ಬಾರದ ಅಳು ಆಗ ಬಂತು.

"ಇನ್ಯಾರು?" ಕೇಳಿದಳು.

ಅದಕ್ಕೆ ನಾನು ಉತ್ತರ ಹೇಳಲಿಲ್ಲ. ನಂಬದ ಮಾತನ್ನು ಆಡುವುದು ಹೇಗೆ? ಅಕ್ಕ ಸ್ವಲ್ಪ ಕಾದು, ನನ್ನ ಪಕ್ಕ ಕೂತು ತಾನೇ ಹೇಳಿದಳು. "ಇವಳು ಹೇಳಲ್ಲ. ಹೇಳದಿದ್ರೂ ಅವನು ಬಂದಿದ್ದಾನೆ."

ಅವತ್ತೇ ತನ್ನ ಕತೆ ಹೇಳಿದ್ದು. ಇಪ್ಪತ್ತರ ವಯಸ್ಸಿನಲ್ಲಿ ಗಂಡ ಸತ್ತ, ಕೂಸು ಹೋಯಿತು, ಆಕೆಗೆ ಕ್ಷಯ ಹತ್ತಿತು. ಗಂಡನ ಮನೆಯವರು ದೂರದ ಒಂದು ಮಿಷನ್ ಆಸ್ಪತ್ರೆಯಲ್ಲಿ ಮಲಗಿಸಿ, ಹಣ್ಣು ತರುತ್ತೇವೆ ಎಂದು ಹೋದವರು ಹೋದರು. "ಹದಿನೇಳು ದಿನ ಬಾಗಿಲು ನೋಡ್ದೆ ಟೀಚರಮ್ಮ. ಬೇರೆ ಮಂಚದೋರಿಗೆಲ್ಲ ಯಾರೋ ಒಬ್ರು ಬರೋರು. ಹದಿನೆಂಟನೇ ದಿನ ಬಾಗಿಲು ನೋಡೋದು ಬಿಟ್ಟು ಗೋಡೆ ಕಡೆ ತಿರುಗಿ ಮಲಗ್ದೆ. ಆಗ ಬಂದ."

"ಯಾರು?"

"ಅವನೇ. ಕಣ್ಣಿಗೆ ಕಂಡ ಅಂತ ಸುಳ್ಳು ಹೇಳಲ್ಲ. ಪಕ್ಕ ಯಾರೋ ಕೂತಂಗೆ ಆಯ್ತು. ಎದ್ದು ಹೋಗಲೇ ಇಲ್ಲ. ಯಾರೂ ಬಾರದಿದ್ದಾಗ ಬಂದೋನನ್ನ, ಕುಲದೋರು ಬೈತಾರೆ, ಬೀದಿಯೋರು ನಗ್ತಾರೆ ಅಂತ ನಾನು ಬಿಟ್ಕೊಡ್ಲಾ? ನಂಗೇನು ಹುಚ್ಚಾ?"

ಹತ್ತೂವರೆಗೆ ಅಣ್ಣ ಬಂದ. ಮುಖ ತೊಳೆದು, ಅಕ್ಕ ಮಾಡಿಕೊಟ್ಟ ಬೆಲ್ಲದ ಕಾಫಿ ಕುಡಿಯುತ್ತಾ ಜಗಲಿಯ ಮೇಲೆ ಕೂತಿದ್ದೆ. "ನಾನು ಎಲ್ಲಿಗೂ ಬರಲ್ಲ ಅಣ್ಣ. ಶಾಲೆ ಶುರುವಾಗೋ ದಿನ ನಾನು ಇಲ್ಲೇ ಇರಬೇಕು" ಅಂದೆ. ಒಂಟಿ ಹೆಂಗಸು ಒಬ್ಬಳೇ ಹೇಗೆ ಬಾಳುತ್ತೀಯ ಎಂದು ರೇಗಿದ. ಅಕ್ಕ ಒಳಗಿನಿಂದಲೇ, "ಒಬ್ಬಳು ಅನ್ನಪ್ಪ, ಒಪ್ಕೋತೀವಿ. ಒಂಟಿ ಅನ್ನಬೇಡ!" ಎಂದು ಕೂಗಿದಳು. ಅಣ್ಣ ಬಂದ ಬಸ್ಸಿಗೇ ವಾಪಸ್ ಹೋದ. ಮಾರನೆಯ ದಿನ ವಠಾರದ ನಲ್ಲಿಯ ಬಳಿ ನಿಂತು, ನನ್ನ ಗಂಡ ನನ್ನನ್ನು ಬಿಟ್ಟಿದ್ದಾನೆ, ಹಿಂದೂಪುರದ ಕೆಲಸವೆಲ್ಲ ಸುಳ್ಳು ಎಂದು ನಾನೇ ಎಲ್ಲರಿಗೂ ಹೇಳಿದೆ. ಆಕಾಶವೇನೂ ಕಳಚಿ ಬೀಳಲಿಲ್ಲ.

ಆಮೇಲೆ ಎಷ್ಟೋ ಭಾನುವಾರ ನಾನೂ ಹೋಗಿ ಚಾಪೆಯ ಮೇಲೆ ಕೂರುತ್ತಿದ್ದೆ. ಮೊದಲ ಪ್ರಶ್ನೆಗೆ ಉತ್ತರ ಹೇಳುತ್ತಿದ್ದೆ. ಎರಡನೆಯದಕ್ಕೆ ಬಾಯಿ ಮುಚ್ಚಿಕೊಳ್ಳುತ್ತಿದ್ದೆ. ಅಕ್ಕ ಒಂದು ದಿನವೂ ಒತ್ತಾಯ ಮಾಡಲಿಲ್ಲ. ಪ್ರತಿಸಲವೂ ಸ್ವಲ್ಪ ಹೊತ್ತು ಕಾಯುತ್ತಿದ್ದಳು, ಅಷ್ಟೇ.

ತೊಂಬತ್ತರ ದಶಕದಲ್ಲಿ ಹಳೆಯ ಕೆಮ್ಮು ಮತ್ತೆ ಹತ್ತಿಕೊಂಡಿತು. ತೊಟ್ಟಿಯ ಹಬೆಯಲ್ಲಿ ಕೂರಬೇಡ ಎಂದರೆ ಕೇಳಬೇಕಲ್ಲ. ಒಂದು ಶುಕ್ರವಾರ ಮಧ್ಯಾಹ್ನ ನಾನು ಶಾಲೆಯಲ್ಲಿ ಪಾಠ ಮಾಡುತ್ತಿದ್ದಾಗ ಸಾಹೇಬರೇ ಬಂದು ಕಿಟಕಿಯ ಹತ್ತಿರ ನಿಂತರು. ನಮಾಜು ಮುಗಿಸಿಕೊಂಡು ಘಟಕದ ಕಡೆ ಹೋದರೆ, ಅಕ್ಕ ಗೋಡೆಗೆ ಒರಗಿ ಕೂತಿದ್ದಳಂತೆ. ಮುಟ್ಟಿದರೆ ತಣ್ಣಗೆ. "ತೊಟ್ಟಿ ಎಲ್ಲ ತೊಳೆದಿಟ್ಟಿದ್ದಾಳೆ ಟೀಚರ್. ಒಂದೂ ಬಿಟ್ಟಿಲ್ಲ" ಎಂದು ಸಾಹೇಬರು ಟೋಪಿ ತೆಗೆದು ಕಣ್ಣೊರೆಸಿಕೊಂಡರು.

ಚಿಕ್ಕಬಳ್ಳಾಪುರಕ್ಕೆ ಫೋನು ಮಾಡಿದೆ. ಹಿರಿಯ ಪಾದ್ರಿಗಳು ವರ್ಗವಾಗಿ ಹೋಗಿದ್ದರು. ಹೊಸದಾಗಿ ಬಂದಿದ್ದ ಚಿಕ್ಕ ವಯಸ್ಸಿನ ಪಾದ್ರಿ ಪುಸ್ತಕ ತಿರುವಿ, "ಆ ಹೆಸರು ನಮ್ಮ ಸಭೆಯ ಪಟ್ಟಿಯಲ್ಲಿ ಇಲ್ಲವಲ್ಲ ಮೇಡಂ. ಹಿರಿಯರನ್ನ ವಿಚಾರಿಸಿ ಹೇಳ್ತೀನಿ" ಅಂದರು. ನನಗೆ ಮೈ ಉರಿದುಹೋಯಿತು. "ಪಟ್ಟಿ ಇಟ್ಕೊಂಡಿರೋದು ನೀವು, ಸಭೆ ನಡೆಸಿದ್ದು ಅವಳು. ಹನ್ನೊಂದು ವರ್ಷ ಒಂದು ಭಾನುವಾರಾನೂ ತಪ್ಪಿಸಿಲ್ಲ. ಗೋಡೆ ಪಕ್ಕ ಇದ್ದ ನಾನು ಸಾಕ್ಷಿ. ನಾಳೆ ಹನ್ನೊಂದಕ್ಕೆ ಮಣ್ಣು. ಬರೋದಿದ್ರೆ ಬನ್ನಿ, ಇಲ್ದಿದ್ರೆ ನಿಮಗಾಗಿ ನಾವು ಕಾಯಲ್ಲ!" ಎಂದು ಫೋನು ಕುಕ್ಕಿದೆ.

ಸಾಹೇಬರು ಊರಾಚೆಯ ತಮ್ಮ ಹಿಪ್ಪುನೇರಳೆ ತೋಟದ ಅಂಚಿನಲ್ಲಿ ಜಾಗ ಕೊಟ್ಟರು. ಶನಿವಾರ ಬೀದಿಗೆ ಬೀದಿಯೇ ಬಂದಿತ್ತು. ಆಮೆನ್ನಮ್ಮ ಎಂದು ಆಡಿಕೊಂಡವರು, ನಲ್ಲಿಯ ಹತ್ತಿರ ಕಿತ್ತಾಡಿದವರು, ನೂಲು ತೆಗೆಯುವ ಹೆಂಗಸರು ಎಲ್ಲ. ಪೆಟ್ಟಿಗೆ ಇಳಿಸಿದರು. ಎಲ್ಲರೂ ಮುಖ ಮುಖ ನೋಡಿಕೊಂಡರು. ಮುಂದೆ ಏನು ಮಾಡಬೇಕು ಎಂಬುದು ಯಾರಿಗೂ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು.

ಆಕೆಯ ಪುಸ್ತಕವನ್ನು ಎದೆಗೆ ಒತ್ತಿಕೊಂಡು ಗುಂಡಿಯ ತಲೆಯ ಕಡೆ ಹೋಗಿ ನಿಂತೆ. ಗಂಟಲಿದೆಯಾ ಅಂತ ಕೇಳಿದ್ದಳಲ್ಲ.

"ಯಾರ್ಯಾರು ಬಂದಿದ್ದೀರಿ?"

ಮೊದಲು ಸಾಹೇಬರು ತಲೆ ಎತ್ತಿ, "ನಾನು ಬಂದಿದ್ದೀನಿ" ಅಂದರು. ನಲ್ಲಿಯ ಜಗಳಗಂಟಿಯೊಬ್ಬಳು ಸೆರಗಿನಲ್ಲಿ ಮೂಗೊರೆಸಿಕೊಂಡು, "ನಾನು ಬಂದಿದ್ದೀನಿ" ಅಂದಳು. ಒಬ್ಬರಾದ ಮೇಲೆ ಒಬ್ಬರು ಹೇಳಿದರು. ಕೊನೆಗೆ ಹಿಂದಿನಿಂದ ಏದುಸಿರಿನ ದನಿಯೊಂದು ಕೇಳಿಸಿತು. "ನಾನೂ ಬಂದಿದ್ದೀನಿ." ನೋಡಿದರೆ, ಬಿಳಿ ನಿಲುವಂಗಿಯೆಲ್ಲ ಬಸ್ಸಿನ ಧೂಳು ಮಾಡಿಕೊಂಡ ಆ ಚಿಕ್ಕ ಪಾದ್ರಿ, ಚಪ್ಪಲಿ ಬಿಟ್ಟು ನಿಂತಿದ್ದರು.

"ಇನ್ಯಾರು?" ಕೇಳಿದೆ.

ಪಾದ್ರಿ ಬಾಯಿ ತೆರೆಯುವುದರಲ್ಲಿದ್ದರು. ಕೈ ಎತ್ತಿ ತಡೆದೆ. ಅಕ್ಕ ಇಷ್ಟು ವರ್ಷ, ವಾರವಾರವೂ, ಈ ಮಾತಿಗಾಗಿ ಕಾದದ್ದು ನನ್ನ ಬಾಯಿಂದ. ನಾಲ್ಕು ದಿನ ಒಲೆ ಹಚ್ಚದ ಆ ಮನೆಯ ಬಾಗಿಲು ಒದ್ದುಕೊಂಡು ಬಂದವಳು ಬರೀ ಅಕ್ಕ ಒಬ್ಬಳೇ ಆಗಿರಲಿಲ್ಲ ಎಂದು ನನಗೆ ಯಾವತ್ತೋ ಗೊತ್ತಾಗಿತ್ತು. ಹೇಳಿರಲಿಲ್ಲ ಅಷ್ಟೇ.

ಅವಳು ಮಾಡುತ್ತಿದ್ದ ಹಾಗೆಯೇ ಮಣ್ಣಿನ ಮೇಲೆ ಕೂತೆ.

"ಅವನು ಬಂದಿದ್ದಾನೆ" ಅಂದೆ.

ಎದ್ದು ನಿಂತೆ. ಸೀರೆಗೆ ಮೆತ್ತಿದ ಮಣ್ಣು ಕೊಡವಲಿಲ್ಲ.

"ಹಂಗಾದ್ರೆ ಸಭೆ ಕೂಡ್ತು."