ಪೆನಾಲ್ಟಿ ನೋಡ್ಕಂಡು ಹೋಗನ ಅಂದ ರಾತ್ರಿ

ನಮ್ಮೂರ ಟೀಮು ಹೊನಲು ಬೆಳಕಿನ ಪಂದ್ಯಾವಳಿಯ ಫೈನಲ್ ಗೆದ್ದದ್ದು ಒಂದೇ ಸಲ. ಎಂಟು ವರ್ಷವಾಯಿತು. ಕುಂದೂರು ಕಡೆಯ ಟೀ ಅಂಗಡಿಗಳಲ್ಲಿ ಆ ಪಂದ್ಯದ ಮಾತು ಈಗಲೂ ಬರುತ್ತದೆ. ನಾನು ಒಳಗೆ ಕಾಲಿಟ್ಟರೆ ಮಾತ್ರ ನಿಂತುಹೋಗುತ್ತದೆ. ಯಾರಾದರೊಬ್ಬರು “ಬಾ ಮಾರಾಯ, ಕೂತ್ಕೋ” ಎಂದು ಬೆಂಚಿನಲ್ಲಿ ಜಾಗ ಬಿಡುತ್ತಾರೆ. ಆಮೇಲೆ ಮೆಣಸಿನ ಬಳ್ಳಿಯ ರೋಗದ ವಿಷಯ ಶುರುವಾಗುತ್ತದೆ.

ನನಗೆ ಫುಟ್‌ಬಾಲ್ ಹುಚ್ಚು ಹಿಡಿಸಿದವನು ನನ್ನ ಸೋದರಮಾವ. ಎಸ್ಟೇಟಿನಲ್ಲಿ ರೈಟರ್ ಆಗಿದ್ದ. ಬೆಳಿಗ್ಗೆ ಆಳುಗಳ ಹಾಜರಿ ತೆಗೆದುಕೊಂಡು ಯಾರು ಯಾವ ಕಡೆ ಕೆಲಸಕ್ಕೆ ಹೋಗಬೇಕೆಂದು ಹೇಳಿ ಕಳಿಸುವುದು ಅವನ ಕೆಲಸ. ತಾನು ಒಂದು ದಿನವೂ ಆಡಿದವನಲ್ಲ. ಚಿಕ್ಕಂದಿನಲ್ಲಿ ಮರದಿಂದ ಬಿದ್ದು ಎಡಗಾಲು ಎಳೆಯುತ್ತಿತ್ತು. ಆದರೆ ಪಂದ್ಯದ ಹಿಂದಿನ ಸಂಜೆ ಮೈದಾನಕ್ಕೆ ಸುಣ್ಣದ ಗೆರೆ ಹಾಕುವವನು ಅವನೇ. ಬೇರೆಯವರು ಹಾಕಿದರೆ ಸೊಟ್ಟ ಎನ್ನುತ್ತಿದ್ದ. ಮಕ್ಕಳಿಲ್ಲದ ಅವನಿಗೆ ಮೈದಾನಕ್ಕೆ ಜೊತೆ ಬರುವವನು ನಾನೊಬ್ಬನೇ ಇದ್ದೆ.

ಆ ವರ್ಷದ ಫೈನಲ್ ಘಟ್ಟದ ಕೆಳಗಿನ ಒಂದು ಟೀಮಿನ ಮೇಲೆ. ನಮ್ಮವರು ಅವರೆದುರು ಯಾವತ್ತೂ ಗೆದ್ದಿರಲಿಲ್ಲ. ಅರ್ಧ ಆಟಕ್ಕೆ ಒಂದು ಗೋಲು ಹಿಂದಿದ್ದೆವು. ವಿರಾಮದಲ್ಲಿ ಕಾಡು ಕಾಯುವ ವಾಚರ್ ಒಬ್ಬರು ಬಂದು ಕಾಮೆಂಟ್ರಿಯವನ ಕೈಯಿಂದ ಮೈಕ್ ತೆಗೆದುಕೊಂಡರು. ಮೂರು ಆನೆಗಳು ಕೆರೆ ದಾಟಿ ಎಸ್ಟೇಟಿನ ಕಡೆ ಇಳಿದಿವೆ, ಆ ದಿಕ್ಕಿಗೆ ಹೋಗುವವರು ನಡೆದು ಹೋಗಬೇಡಿ, ಜೀಪು ಇದ್ದಾಗಲೇ ಹೊರಡಿ ಎಂದರು. ಆ ದಿಕ್ಕು ನಮ್ಮದೇ.

ಮಾವ ಟವೆಲ್ಲು ಕೊಡವಿಕೊಂಡು ಎದ್ದ. “ನಡಿಯೋ, ಜೀಪ್ ಐತೆ, ಹೋಗ್ಬುಡನ.”

“ಇನ್ನರ್ಧ ಐತಲ್ಲ ಮಾವ.”

ಅವನು ಮೈದಾನದ ಕಡೆ ನೋಡಿದ. “ಇನ್ನೊಂದು ಜೀಪ್ ಐತೆ ಅಂತವ್ರೆ. ಆಟ ಮುಗಿದ ತಕ್ಷಣ ಹೊರಡದು ಕಣೋ” ಎಂದು ಕೂತ.

ಆಟ ಮುಗಿಯಲು ಎರಡು ನಿಮಿಷವಿರುವಾಗ ಕಾರ್ನರ್‌ನಿಂದ ಬಂದ ಚೆಂಡು ಯಾರದೋ ಮೊಣಕಾಲಿಗೆ ತಾಗಿ ಅವರ ಗೋಲಿನೊಳಗೆ ಹೋಯಿತು. ಸಮ ಸಮ. ಜನ ಗೆರೆ ದಾಟಿ ನುಗ್ಗಿದರು. ಸಮದಲ್ಲೇ ಸೀಟಿ ಬಿದ್ದು ಪೆನಾಲ್ಟಿ ಅಂತಾಯಿತು. ಅದೇ ಗದ್ದಲದಲ್ಲಿ ಆ ಇನ್ನೊಂದು ಜೀಪಿನವನು ಹಾರ್ನ್ ಹೊಡೆಯುತ್ತ ಕೂಗಿದ: “ಬರ್ತೀರಾ ಇಲ್ವಾ? ನಾನು ಹೊಂಟೆ!”

ಮಾವ ಜೀಪಿನ ಕಡೆ ನಾಲ್ಕು ಹೆಜ್ಜೆ ಹಾಕಿಯೂ ಆಗಿತ್ತು. ನಾನು ಓಡಿ ಹೋಗಿ ಕೈ ಹಿಡಿದೆ. “ಪೆನಾಲ್ಟಿ ನೋಡ್ಕಂಡು ಹೋಗನ ಮಾವ. ಹತ್ತು ನಿಮಿಷ ಅಷ್ಟೆ. ಇಂಥದ್ದು ಮತ್ತೆ ಸಿಗಲ್ಲ.”

“ಆನೆ ಐತೆ ಕಣೋ.”

“ಅಷ್ಟು ಜನ ಇರ್ತೀವಿ. ಬಾ.”

ಜೀಪು ಹೋಯಿತು.

ಅವರ ಐದನೇ ಹೊಡೆತವನ್ನು ಗೋಲು ಕಾಯುವ ನಮ್ಮ ಗೋಲಿ ಎಡಕ್ಕೆ ಹಾರಿ ಬೆರಳ ತುದಿಯಲ್ಲಿ ಹೊರಗೆ ತಳ್ಳಿದ. ಹಗಲು ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಮಷಿನ್ ರಿಪೇರಿ ಮಾಡುವವನು ಅವನು. ನಮ್ಮ ಕೊನೆಯ ಹೊಡೆತಕ್ಕೆ ಟ್ರ್ಯಾಕ್ಟರ್ ಓಡಿಸುವವನು ಬಂದ. ಚೆಂಡು ಬಲೆಗೆ ಬಿದ್ದಾಗ ಮಾವ ನನ್ನ ತಲೆಯನ್ನು ಎದೆಗೆ ಒತ್ತಿಕೊಂಡು ಅತ್ತುಬಿಟ್ಟ. ಅವನ ಅಂಗಿಯಲ್ಲಿ ಬೀಡಿಯ, ಸುಣ್ಣದ ವಾಸನೆ ಇತ್ತು.

ನಮ್ಮ ಕಡೆಯವರು ಆರು ಜನ ಉಳಿದಿದ್ದೆವು. ಎರಡು ಟಾರ್ಚು. ವಾಚರ್‌ಗಳು ಕೆರೆಯ ಹತ್ತಿರ ಹೋಗಿದ್ದರು. ಕಾಯೋಣ ಎಂದು ಮಾವ ಹೇಳಿದ. ಗೆದ್ದ ಅಮಲಿನಲ್ಲಿ ಯಾರೂ ಕೇಳಲಿಲ್ಲ. ಕೂಗುತ್ತ, ಶಿಳ್ಳೆ ಹಾಕುತ್ತ ಹೊರಟೆವು. ಎಸ್ಟೇಟ್ ಗೇಟು ದಾಟಿ ತಿರುವಿಗೆ ಬಂದಾಗ ಮುಂದಿದ್ದವನು ತಟ್ಟನೆ ನಿಂತ. ರಸ್ತೆಯ ಬದಿಯ ದಿಬ್ಬದಂತೆ ಕಂಡದ್ದು ಅಲುಗಿತು.

“ಓಡ್ರೋ!”

ನಾನು ಓಡಿದೆ. ಬೇಲಿ ಹಾರಿ ಕಾಫಿ ಗಿಡಗಳ ನಡುವೆ ಬಿದ್ದು ಎದ್ದು ಆಳುಗಳ ಲೈನ್ ಮನೆಗಳ ದೀಪ ಕಾಣುವವರೆಗೂ ನಿಲ್ಲಲಿಲ್ಲ. ಮಾವನ ಕಾಲಿನ ನೆನಪು ನನಗೆ ಬಂದದ್ದು ಅಲ್ಲಿ ನಿಂತ ಮೇಲೆ. ಲೈನಿನ ಅಂಗಳದಲ್ಲಿ ಐದು ಜನ ಇದ್ದೆವು.

ವಾಚರ್‌ಗಳು ಬಂದು ಪಟಾಕಿ ಸಿಡಿಸಿ ಆನೆ ಸರಿಸುವುದಕ್ಕೆ ಮುಕ್ಕಾಲು ಗಂಟೆಯಾಯಿತು. ಮಾವ ರಸ್ತೆ ಪಕ್ಕದ ಚರಂಡಿಯಲ್ಲಿದ್ದ. ಉಸಿರಿತ್ತು. ವಾಚರ್‌ಗಳ ಜೀಪಿನಲ್ಲಿ ತೊಡೆಯ ಮೇಲೆ ಮಲಗಿಸಿಕೊಂಡೆ. ಏನಾದರೂ ಹೇಳುತ್ತಾನೇನೋ ಎಂದು ಬಾಯಿಯ ಹತ್ತಿರ ಕಿವಿ ಇಟ್ಟೆ. ಸಕಲೇಶಪುರ ಮುಟ್ಟುವ ಮೊದಲೇ ಹೋಗಿಬಿಟ್ಟ.

ತಿಥಿ ಮುಗಿದ ಮಾರನೇ ದಿನ ಅತ್ತೆ ಅಡುಗೆಮನೆಯ ಹೊಸಿಲಲ್ಲಿ ಕೂತು ನನ್ನನ್ನು ಕೇಳಿದಳು.

“ಜೀಪ್‌ನೋನು ಕರೆದಿದ್ನಂತೆ?”

“ಹ್ಞೂಂ ಅತ್ತೆ.”

“ಮತ್ತೆ ನಿಮ್ಮಾವ ಯಾಕೆ ಹತ್ಲಿಲ್ಲ?”

ಹೇಳಬೇಕೆಂದೇ ಬಾಯಿ ತೆರೆದೆ. ಅವಳ ಕಣ್ಣು ಊದಿಕೊಂಡಿತ್ತು, ನನ್ನನ್ನೇ ನೋಡುತ್ತಿದ್ದಳು. “ನಾನು ಕರೆದೆ ಅತ್ತೆ. ಮಾವನೇ ಪೆನಾಲ್ಟಿ ನೋಡ್ಕಂಡು ಹೋಗನ ಅಂದ” ಎಂದೆ.

ಅವಳು ಒಲೆಯ ಕಡೆ ತಿರುಗಿದಳು. “ಮನೇಲಿ ಒಬ್ಬಳು ಅವ್ಳೆ ಅನ್ನೋದು ಗ್ಯಾನ ಬರ್ಲಿಲ್ಲ ನೋಡು ಅವ್ರಿಗೆ” ಎಂದಳು.

ಅವತ್ತಿನಿಂದ ಅವಳ ಸಿಟ್ಟೆಲ್ಲ ಸತ್ತ ಗಂಡನ ಮೇಲೆ. ಯಾರಾದರೂ ಅವನನ್ನು ಹೊಗಳಿದರೆ ಎದ್ದು ಒಳಗೆ ಹೋಗುತ್ತಾಳೆ. ಜೀಪಿನ ಹತ್ತಿರ ನಾನು ಕೈ ಹಿಡಿದು ಎಳೆದದ್ದನ್ನು ಕಂಡವರು ನಾಲ್ಕೈದು ಜನ ಇದ್ದಾರೆ. ಅವರು ಯಾರೂ ಅವಳಿಗೆ ಹೇಳಿಲ್ಲ. ನನಗೂ ಏನೂ ಅಂದಿಲ್ಲ. ಬೆಂಚಿನಲ್ಲಿ ಜಾಗ ಬಿಡುತ್ತಾರೆ, ಅಷ್ಟೆ.

ಆಮೇಲೆ ಆ ಮೈದಾನದಲ್ಲಿ ರಾತ್ರಿ ಆಟ ನಡೆಯಲಿಲ್ಲ. ಲೈಟಿನ ಕಂಬಗಳನ್ನು ಕಿತ್ತರು. ಹಗಲು ಆಡುವವರೂ ಕಡಿಮೆಯಾದರು.

ಹೋದ ವರ್ಷ ಹಳೆಯ ಆಟಗಾರರು ಗೆದ್ದ ದಿನದ ಫೋಟೋ ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ ಅತ್ತೆಗೆ ತಂದರು. ಕಪ್ಪಿನ ಪಕ್ಕ ಮಾವ ನಗುತ್ತ ನಿಂತಿದ್ದ. ನಾನೂ ಜೊತೆಗೆ ಹೋಗಿದ್ದೆ. ಅವಳು ಕೈಗೆ ತೆಗೆದುಕೊಳ್ಳಲೇ ಇಲ್ಲ.

“ನಂಗ್ಬೇಡ ಕಣ್ರಪ್ಪ. ನಂಗಿಂತ ಅದೇ ಹೆಚ್ಚಾಗಿತ್ತು ಅವ್ರಿಗೆ.”

ಗೋಲಿ ನನ್ನ ಮುಖ ನೋಡಿದ. ನಾನು ಅಂಗಳದಲ್ಲಿ ಒಣಹಾಕಿದ್ದ ಕಾಫಿ ಬೀಜ ನೋಡುತ್ತ ನಿಂತೆ. ಫೋಟೋ ಈಗ ನನ್ನ ಮನೆಯ ಅಟ್ಟದ ಮೇಲಿದೆ.

ಈ ಸುಗ್ಗಿಯಲ್ಲಿ ಒಂದು ಭಾನುವಾರ, ಇವತ್ತು ಹೇಳಿಯೇ ಬಿಡುವುದೆಂದು ಅತ್ತೆಯ ಮನೆಗೆ ಹೋದೆ. ಅವಳಿಗೆ ಈಗ ಕಿವಿ ಸ್ವಲ್ಪ ಮಂದ. “ಬಾರೋ, ನೀನೊಬ್ಬನಾದ್ರೂ ಬತ್ತೀಯಲ್ಲ” ಎಂದು ತಟ್ಟೆ ಹಾಕಿದಳು. ಅಕ್ಕಿರೊಟ್ಟಿಗೆ ಬೆಣ್ಣೆ ಇಟ್ಟಳು. ಮೆಲ್ಲಗೆ “ಅತ್ತೆ, ಅವತ್ತು ಜೀಪು...” ಎಂದೆ.

“ಏನು?” ಎಂದಳು.

“ಏನಿಲ್ಲ, ಇನ್ನೊಂದು ರೊಟ್ಟಿ ಹಾಕು” ಎಂದೆ. ತಿಂದು, ಕೈ ತೊಳೆದು ಬಂದೆ.