ಎರಡಡಿ ತಪ್ಪಿದ ಸುಣ್ಣದ ಗೆರೆ

ಅವರ ಬಲಗಿವಿಯ ಅಂಚಿಗೆ ಯಾವಾಗಲೂ ತೊಗಟೆಯ ಹುಡಿ ಅಂಟಿರುತ್ತಿತ್ತು. ಭಾನುವಾರ ತಲೆಗೆ ನೀರು ಹಾಕಿಕೊಂಡು, ಇಸ್ತ್ರಿ ಅಂಗಿ ತೊಟ್ಟು ಪ್ರಾರ್ಥನೆಗೆ ಬಂದರೂ ಅದು ಪೂರ್ತಿ ಹೋಗಿರುತ್ತಿರಲಿಲ್ಲ. ವಾರವಿಡೀ ಮರಗಳಿಗೆ ಕಿವಿಯಾನಿಸಿ ಆ ಅಂಚು ಒರಟಾಗಿ ಕಪ್ಪಾಗಿತ್ತು. ಹೆಂಗಸರ ಸಾಲಿನಲ್ಲಿ ಕೂರುತ್ತಿದ್ದ ನನಗೆ ಅವರ ಮುಖಕ್ಕಿಂತ ಆ ಕಿವಿಯೇ ಹೆಚ್ಚು ಪರಿಚಯ.

ಹೊಸಪೇಟೆಯ ನಮ್ಮ ಚಿಕ್ಕ ಕ್ರೈಸ್ತ ಸಭೆಯಲ್ಲಿ ಎಲ್ಲರೂ ಅವರನ್ನು ಮರದ ಡಾಕ್ಟರು ಎನ್ನುತ್ತಿದ್ದರು. "ಡಾಕ್ಟರ್ ಅಲ್ರಿ, ಸಲಹಾ ಕೊಡಾಂವ. ಕೇಳೂದು ಬಿಡೂದು ನಿಮಗ ಬಿಟ್ಟಿದ್ದು" ಎಂದು ಅವರು ತಿದ್ದುವರು. ತೋರಣಗಲ್ಲಿನ ಕಾಲೊನಿಗಳಲ್ಲಿ, ಸಂಡೂರಿನ ಶಾಲೆಗಳಲ್ಲಿ, ಹಂಪಿ ದಾರಿಯ ಹೋಂಸ್ಟೇಗಳಲ್ಲಿ ಯಾವ ಮರ ಉಳಿಯುತ್ತದೆ, ಯಾವ ಕೊಂಬೆ ಇಳಿಸಬೇಕು, ಯಾವುದರ ಕೆಳಗೆ ಜನ ನಿಲ್ಲಬಾರದು ಎಂದು ನೋಡಿ ಬರೆದುಕೊಡುವುದು ಅವರ ಕೆಲಸ. ಬೈಕಿನ ಚೀಲದಲ್ಲಿ ಒಂದು ಮರದ ಸುತ್ತಿಗೆ, ಉದ್ದನೆಯ ಹಗ್ಗ, ಡಬ್ಬಿ ತುಂಬ ಸುಣ್ಣದ ಪುಡಿ. ಮೊದಲು ಮರದ ಮೇಲೆ ಅಂಗೈ ಇಟ್ಟು, ಕಣ್ಣು ತೆರೆದೇ ಪ್ರಾರ್ಥಿಸುತ್ತಿದ್ದರು. ಆಮೇಲೆ ಸುತ್ತಲೂ ಬಡಿದು ಕೇಳುವರು. ಗಟ್ಟಿಯಿದ್ದ ಕಡೆ ಒಂದು ಸದ್ದು, ಟೊಳ್ಳಾದ ಕಡೆ ಇನ್ನೊಂದು. ಮರ ಬಿದ್ದರೆ ಎಲ್ಲಿಯವರೆಗೆ ಬಂದೀತು ಎಂದು ಹಗ್ಗದಿಂದ ಅಳೆದು, ನೆಲದ ಮೇಲೆ ಸುಣ್ಣದ ಗೆರೆ ಎಳೆಯುವರು. ಗೆರೆಯ ಒಳಗೆ ಯಾರೂ ನಿಲ್ಲಬಾರದು.

ಒಮ್ಮೆ ಅವರ ಬೈಕು ಕೆಟ್ಟಿತ್ತೆಂದು ನನ್ನ ಗಂಡ ಅವರನ್ನು ಕಡ್ಡಿರಾಂಪುರಕ್ಕೆ ಕರೆದೊಯ್ದಿದ್ದರು. ಅಲ್ಲಿನ ಹೋಂಸ್ಟೇ ಮಾಲೀಕನಿಗೆ ಕಾರು ನಿಲ್ಲಿಸಲು ಜಾಗ ಬೇಕಿತ್ತು. ಗಟ್ಟಿಮುಟ್ಟಾದ ಬೇವನ್ನು ಅಪಾಯದ ಮರವೆಂದು ಬರೆದುಕೊಡಿ ಎಂದು ಅವನ ಒತ್ತಾಯ.

"ಒಂದ್ ಸಾಲು ಬರದ್ರ ನಿಮ್ದೇನ್ ಹೋಗ್ತತ್ರಿ?"

"ಸುಳ್ಳು ಸಾಕ್ಷಿ ಹೇಳಬಾರ್ದು ಅಂತ ಸಣ್ಣಾಂವಿದ್ದಾಗಿಂದ ಕಲ್ತೀನಿ. ಮರದ ಮ್ಯಾಲಾದ್ರ ಹೇಳಬಹುದು ಅಂತ ಯಾರೂ ಕಲಿಸಿಲ್ಲ" ಎಂದು ಕೈಗೆ ಕೊಟ್ಟಿದ್ದ ಚಹಾವನ್ನೂ ಕೆಳಗಿಟ್ಟು ಬಂದರಂತೆ. ಚಹಾ ಕುಡಿಯದೆ ಬಂದದ್ದಕ್ಕೆ ನನ್ನ ಗಂಡನಿಗೆ ಸ್ವಲ್ಪ ಬೇಜಾರಿತ್ತು.

ನಮ್ಮ ಪ್ರಾರ್ಥನಾ ಮಂದಿರದ ಅಂಗಳದಲ್ಲಿ ಒಂದು ಹಳೆಯ ಹುಣಸೆಮರ, ಅದರ ಸುತ್ತ ಸಿಮೆಂಟಿನ ಕಟ್ಟೆ. ನನ್ನ ಮಾವ ತೀರಿಕೊಂಡ ವರ್ಷ ಅವರ ನೆನಪಿಗೆಂದು ಅತ್ತೆ ಕಟ್ಟಿಸಿದ್ದು. ಬುಡಕ್ಕೆ ಮೊಳಕಾಲೆತ್ತರ ಮಣ್ಣು ಏರಿಸಿ, ನುಣ್ಣಗೆ ಸಿಮೆಂಟು ಬಳಿಸಿ, ಮಾವನ ಹೆಸರಿನ ಕಲ್ಲು ಕೂರಿಸಿದ್ದರು. ಆ ಕಟ್ಟೆಯ ಮೇಲೆಯೇ ಸಂಡೇ ಸ್ಕೂಲು. ಹದಿನೆಂಟು ಮಕ್ಕಳು, ಅವರಲ್ಲಿ ನನ್ನ ಮಗಳೂ ಒಬ್ಬಳು. ಪಾಠ ಹೇಳುವವಳು ನಾನು. ಪ್ರತಿ ಕ್ರಿಸ್‌ಮಸ್‌ಗೆ ಕಾಂಡಕ್ಕೆ ಆಳೆತ್ತರ ಸುಣ್ಣ ಬಳಿಯುವುದು ನಮ್ಮ ಪದ್ಧತಿ. ಮರವನ್ನು ಎಷ್ಟು ಚೆನ್ನಾಗಿ ನೋಡಿಕೊಂಡಿದ್ದೇವೆ ಎಂದು ನಮಗೆ ಹೆಮ್ಮೆಯೂ ಇತ್ತು.

ಆ ವರ್ಷ ಹಬ್ಬ ಕಳೆದ ಮೇಲೆ ಬಿಳಿ ಸುಣ್ಣದಲ್ಲಿ ಕೂದಲೆಳೆಯಂಥ ಕಪ್ಪು ಬಿರುಕು ಮೂಡಿತು. ಸಭೆಯ ಹಿರಿಯರೊಬ್ಬರು ಮತ್ತೆ ಸುಣ್ಣ ಬಳಿಸಿದರು. ಮುಂದಿನ ವಾರ ಅದು ಮತ್ತೆ ಮೂಡಿತು. ಮರದ ಡಾಕ್ಟರು ಸುತ್ತಿಗೆ ತಂದು ಬಡಿದರು. ಸದ್ದಿಗೆ ಮಕ್ಕಳು ನಕ್ಕವು. ಒಂದು ಕಡೆ ಮೂರು ಸಲ ಬಡಿದು ಕೈ ನಿಲ್ಲಿಸಿ, ಮಕ್ಕಳನ್ನೇ ನೋಡುತ್ತ ನಿಂತರು.

"ತಂಗೀ, ಇವತ್ತಿಂದ ಇವ್ರನ್ನ ಬ್ಯಾರೆ ಕಡಿ ಕುಂದ್ರಿಸು."

"ಯಾಕ್ರಿ ಅಣ್ಣಾ? ಮ್ಯಾಲೆ ನೋಡ್ರಿ, ಎಷ್ಟು ಚಿಗತೈತಿ."

"ಚಿಗತಿರ್ತತಿ. ಬುಡಕ್ಕ ಮಣ್ಣು ಏರ್ಸಿ ಮುಚ್ಚೀರಿ, ನೀರು ಅಲ್ಲೇ ನಿಂತು ಕೊಳಸೈತಿ. ಕಟ್ಟಿ ಒಡದು ನೋಡಬೇಕು. ಯಾವಾಗ ಅಂತ ಕರ್ತನಿಗೆ ಗೊತ್ತು. ಈ ಕಡಿಗೇ ಅಂತ ನನಗ ಗೊತ್ತು." ಅವರು ತೋರಿಸಿದ್ದು ಮಕ್ಕಳು ಕೂತಿದ್ದ ಕಡೆಯನ್ನೇ.

ಮಾತು ಅತ್ತೆಯ ಕಿವಿಗೆ ಬಿತ್ತು. "ನಮ್ಮನೀಯವರ ಹೆಸರಿನ ಕಲ್ಲು ಕಿತ್ತು ಒಗೀಬೇಕೇನು? ಬೆಳಸಿದ ಕರ್ತಗ ಹಿಡದು ನಿಲ್ಸಾಕ ಬರಂಗಿಲ್ಲೇನು? ಡಾಕ್ಟರ, ನಿಮಗ ನಂಬಿಕಿ ಕಮ್ಮಿ ಆಗೈತಿ."

ಹಿರಿಯರು ಕೂತು, ಒಂದು ತಿಂಗಳು ಮರಕ್ಕಾಗಿ ಪ್ರಾರ್ಥಿಸೋಣ ಎಂದು ತೀರ್ಮಾನ ಮಾಡಿದರು. ಮರದ ಡಾಕ್ಟರೂ ನಮ್ಮ ಜೊತೆ ಮೊಣಕಾಲೂರಿದರು. ಎದ್ದ ಮೇಲೆ ಮೆಲ್ಲಗೆ, "ಪ್ರಾರ್ಥನಿ ಮಾಡೂಣ್ರಿ. ಮಕ್ಕಳ್ನ ದೂರ ಕುಂದ್ರಿಸಿ ಮಾಡೂಣು" ಎಂದರು. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಅವರು ಹೊರಗೆ ಬಂದು ಅಂಗಳದಲ್ಲಿ ಸುಣ್ಣದ ಗೆರೆ ಎಳೆದರು. ಮಕ್ಕಳಿಗೆ ಅದು ಕುಂಟಾಟಕ್ಕೆ ಸಿಕ್ಕ ಗೆರೆಯಾಯಿತು.

ಆಮೇಲೆ ಬಿರುಕಿಗೆ ಅಡ್ಡಲಾಗಿ ಒಂದು ಕಾಗದದ ಪಟ್ಟಿ ಅಂಟಿಸಿದರು. ಬಿರುಕು ಸುಮ್ಮನಿದ್ದರೆ ಕಾಗದ ಸುಮ್ಮನಿರುತ್ತದೆ ಎಂದರು. ಮುಂದಿನ ಭಾನುವಾರ ಅದು ಹರಿದಿತ್ತು. "ಹುಡುಗ್ರು ಹರದಾವ" ಎಂದರು ಅತ್ತೆ. ಮರದ ಡಾಕ್ಟರು ಏಣಿ ತಂದು, ಯಾರ ಕೈಗೂ ಎಟುಕದ ಎತ್ತರದಲ್ಲಿ ಇನ್ನೊಂದು ಅಂಟಿಸಿದರು. ಮರುವಾರ ಅದೂ ಎರಡಾಗಿತ್ತು. ನಡುವೆ ಅಕ್ಕಿಕಾಳಿನಷ್ಟು ಸಂದು.

ಅಂದು ನಾನು ಮಕ್ಕಳನ್ನು ಎಬ್ಬಿಸಿಕೊಂಡು ಗೆರೆಯ ಆಚೆ, ಜಗಲಿಗೆ ಹೋದೆ. ಅತ್ತೆಗೆ ಹೆದರಿ ಅದಕ್ಕೂ ಮುಂಚೆ ನಾಲ್ಕು ಭಾನುವಾರ ಅವರನ್ನು ಅಲ್ಲೇ ಕೂರಿಸಿದ್ದೆ. ಆ ನಾಲ್ಕು ದಿನಗಳನ್ನು ಈಗಲೂ ಬೆರಳು ಮಡಚಿ ಎಣಿಸಿ ಕರ್ತನಿಗೆ ಸ್ತೋತ್ರ ಹೇಳುತ್ತೇನೆ.

ಅತ್ತೆ ಏಳಲಿಲ್ಲ. "ನಮ್ಮವರ ಹೆಸರಿನ ಜಾಗ ಇದು, ನಾ ಇಲ್ಲೇ" ಎಂದು ಕಟ್ಟೆಯ ಮೇಲೆ ಬೈಬಲ್ ತೆರೆದು ಕೂತರು. ಒಳಗೆ ಹಾಡು ಶುರುವಾಯಿತು. ಮರದ ಡಾಕ್ಟರು ಬಾಗಿಲವರೆಗೆ ಹೋದವರು ತಿರುಗಿ ಬಂದು ಅತ್ತೆಯ ಪಕ್ಕದಲ್ಲಿ, ಮರ ಬೀಳುವ ಕಡೆಯೇ, ಕೂತುಬಿಟ್ಟರು.

"ಏನ್ರಿ ಡಾಕ್ಟರ, ಪೇಷಂಟ್ ಬಿಟ್ಟು ಹೋಗಾಕ ಮನಸಿಲ್ಲೇನು?"

"ಎರಡು ಪೇಷಂಟ್ ಅದಾವ್ರಿ ಅಮ್ಮಾರ ಇಲ್ಲಿ."

ಹೀಗೆ ಮೂರು ಭಾನುವಾರ. ಮೂರನೆಯ ವಾರ ಬೆಳಗ್ಗಿನಿಂದಲೇ ಗಾಳಿ. ಮರ ಒಳಗಿಂದ ಕಿರ್ರ್ ಎನ್ನುತ್ತಿತ್ತು. ಜಗಲಿಯಲ್ಲಿ ನನಗೆ ಪಾಠದ ಕಡೆ ಗಮನವೇ ಇಲ್ಲ, ಮಕ್ಕಳೂ ಮರವನ್ನೇ ನೋಡುತ್ತಿದ್ದವು. ಅತ್ತೆ ಕೇಳಿದರು: "ನಿಮಗ ಹೆದರಿಕಿ ಇಲ್ಲೇನು?"

"ಭಾಳ ಐತ್ರಿ." ಅವರು ಎರಡೂ ಕೈ ಮುಂದೆ ಚಾಚಿದರು. ನಡುಗುತ್ತಿದ್ದವು.

"ಮತ್ಯಾಕ ಕುಂತೀರಿ?"

"ನಿಮ್ಮನ್ನ ಒಬ್ರನ್ನ ಇಲ್ಲಿ ಬಿಟ್ಟು ಒಳಗ ಹಾಡಾಕ ಬಾಯಿ ಬರವಲ್ದು."

ಅತ್ತೆ ಆ ಕೈಗಳನ್ನೇ ನೋಡಿದರು. ಕನ್ನಡಕ ತೆಗೆದರು, ಹಾಕಿಕೊಂಡರು. ಎದ್ದು ಸೀರೆ ಕೊಡವಿ, "ಕಲ್ಲು ಒಡೀಬ್ಯಾಡ್ರಿ. ಕಟ್ಟಿ ಒಡೀರಿ" ಎಂದು ಜಗಲಿಗೆ ಬಂದರು.

ಸೋಮವಾರ ಒಡೆದಾಗ ಒಳಗೆಲ್ಲ ಕಪ್ಪು ಹಸಿ ಕೊಳೆ. ಬುಡದೊಳಗೆ ಮರದ ಡಾಕ್ಟರ ಕೈ ಮೊಣಕೈವರೆಗೆ ಹೋಯಿತು. ಗುರುವಾರ ಕಂಪ್ಲಿಯಿಂದ ಮರ ಇಳಿಸುವವರು ಬರುವುದೆಂದಾಯಿತು. ಬುಧವಾರ ಮಧ್ಯಾಹ್ನವೇ ಗಾಳಿ ಎದ್ದು ಮರ ಬಿತ್ತು, ಅವರು ತೋರಿಸಿದ್ದ ಕಡೆಗೇ. ಅಂಗಳದಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ.

ನಾವೆಲ್ಲ ಓಡಿದೆವು. ಹಿರಿಯರು ಮರದ ಡಾಕ್ಟರ ಕೈ ಹಿಡಿದು ಕ್ಷಮೆ ಕೇಳುತ್ತಿದ್ದರು. ಅವರಿಗೆ ಅದು ಕೇಳಿಸುತ್ತಿರಲಿಲ್ಲ. ಹಗ್ಗ ಹಿಡಿದು ಒಮ್ಮೆ ಅಳೆದರು, ಇನ್ನೊಮ್ಮೆ ಅಳೆದರು. ಮರದ ತುದಿ ಗೆರೆ ದಾಟಿ ಜಗಲಿಯ ಮೊದಲ ಮೆಟ್ಟಿಲನ್ನು ಒಡೆದಿತ್ತು. ಭಾನುವಾರ ನನ್ನ ಮಗಳು ಕೂತಿದ್ದ ಮೆಟ್ಟಿಲು.

"ಎರಡಡಿ ತಪ್ಪೈತಿ ತಂಗೀ."

"ಯಾರಿಗೂ ಏನೂ ಆಗಿಲ್ಲಲ್ರಿ ಅಣ್ಣಾ."

"ಬುಧವಾರ ಬಿತ್ತು, ಅದಕ್ಕ ಆಗಿಲ್ಲ. ನನ್ನ ಗೆರಿ ಸರಿ ಇತ್ತು ಅಂತ ಅಲ್ಲ. ಬುಡ ಕೊಳತಿದ್ರ ಮರ ಬೀಳೂದಷ್ಟ ಅಲ್ಲ, ಮುಂದಕ್ಕ ಜಾರ್ತತಿ. ಅದನ್ನ ನಾ ಹಿಡೀಲಿಲ್ಲ." ಹಗ್ಗ ಸುತ್ತುತ್ತ ಕೇಳಿದರು: "ಹಿಂತಾವು ಗೆರಿ ಎಷ್ಟ್ ಊರಾಗ ಎಳದೀನಿ, ಗೊತ್ತೇನು ನಿನಗ?"

ಮರುದಿನದಿಂದಲೇ ಹಳೆಯ ಗೆರೆಗಳನ್ನು ಹುಡುಕಿಕೊಂಡು ಹೊರಟರು. ಯಾರೂ ಕರೆದಿರಲಿಲ್ಲ. ತೋರಣಗಲ್ಲು, ಸಂಡೂರು, ಕಂಪ್ಲಿ. ಅಳಿಸಿಹೋದಲ್ಲೂ ಉಳಿದಲ್ಲೂ ಮತ್ತೆ ಬಡಿದು, ಅಳೆದು, ಹೆಚ್ಚು ದೂರಕ್ಕೆ ಎಳೆದು ಬರುವರು. ಬಿಸಿಲು ಉರಿಯುತ್ತಿತ್ತು. ದಿನಾ ಬೆಳಗ್ಗೆ ನಮ್ಮ ಮನೆ ಮುಂದೆ ನಿಂತಾಗ ಒಂದು ಬಾಟಲಿ ಮಜ್ಜಿಗೆ ಕೊಡುತ್ತಿದ್ದೆ. ಬಿಸಿಲು ಇಳಿದ ಮೇಲೆ ಹೋಗ್ರಿ ಎಂದರೆ, "ಮಕ್ಕಳು ಬಿಸಲಾಗ ನೆಳ್ಳು ಹುಡುಕ್ಕೊಂಡೇ ನಿಲ್ತಾವವ್ವ" ಎಂದು ಬೈಕು ಹತ್ತುವರು. ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ನೋಡಿಯೂ ನಾನು ತಡೆಯಲಿಲ್ಲ.

ಕೊನೆಗೆ ಉಳಿದದ್ದು ವಡ್ಡು ಗ್ರಾಮದ ಒಂದು ಶಾಲೆ. ಅಲ್ಲಿ ಕಾಂಪೌಂಡಿಗೆ ಒರಗಿ ಕೂತವರು ಏಳಲಿಲ್ಲ. ಹೃದಯ ನಿಂತಿದೆ ಎಂದರು ವೈದ್ಯರು. ಹೆಚ್ಚು ನರಳಲಿಲ್ಲವಂತೆ, ಅದೊಂದು ಕರುಣೆ. ಮಣ್ಣಿಗೆ ಇಡುವಾಗ ಅತ್ತೆ ಮೊದಲ ಹಿಡಿ ಮಣ್ಣು ಹಾಕಿ, ಬಹಳ ಹೊತ್ತು ಅಲ್ಲೇ ಕೂತಿದ್ದರು. ಯಾರೂ ಅವರನ್ನು ಎಬ್ಬಿಸಲಿಲ್ಲ.

ಬೇಸಿಗೆ ರಜೆ ಮುಗಿಯುವ ಮುನ್ನ ವಡ್ಡಿನ ಹೆಡ್‌ಮೇಡಮ್ ನಮ್ಮ ಸಭೆಗೆ ಫೋನು ಮಾಡಿದರು. ಶಾಲೆಯ ಬೇವಿನಮರದ ಗೆರೆ ಅರ್ಧಕ್ಕೇ ನಿಂತಿದೆ, ಮಿಕ್ಕದ್ದು ಯಾವ ಕಡೆಗೆ ಎಂದು. ನಾನೂ ನನ್ನ ಗಂಡನೂ ಮರದ ಡಾಕ್ಟರ ಚೀಲ ತೆಗೆದುಕೊಂಡು ಹೋದೆವು. ಕಾಂಪೌಂಡಿನಿಂದ ನಾಲ್ಕು ಹೆಜ್ಜೆ ಬಂದು ಸುಣ್ಣ ನಿಂತಿತ್ತು. ಅಲ್ಲಿಂದ ತರಗತಿಯ ಕಡೆ ತಿರುಗುವುದಿತ್ತೋ, ನಲ್ಲಿಯ ಕಡೆಯೋ, ಮರದಲ್ಲಿ ಅವರು ಕೇಳಿಸಿಕೊಂಡದ್ದು ಅವರೊಂದಿಗೇ ಹೋಯಿತು. ಮರ ಹಸಿರಾಗಿತ್ತು, ತುಂಬ ಹೂ ಬಿಟ್ಟಿತ್ತು. ಅವರ ಸುತ್ತಿಗೆಯಿಂದ ನಾನೂ ಸುತ್ತ ಬಡಿದೆ. ನನ್ನ ಕಿವಿಗೆ ಎಲ್ಲ ಕಡೆಯೂ ಒಂದೇ ಸದ್ದು.

ಗೊತ್ತಾಗದವರು ಮಾಡಬಹುದಾದದ್ದು ಒಂದೇ ಇತ್ತು. ಗಂಡ ಹಗ್ಗದ ತುದಿಯನ್ನು ಬುಡಕ್ಕೆ ಹಿಡಿದರು. ನಾನು ಅಳತೆಗೆ ಇನ್ನೂ ಮೂರಡಿ ಸೇರಿಸಿ, ಮರದ ಸುತ್ತ ಪೂರ್ತಿ ಗೆರೆ ಎಳೆದೆ. ಅಂಗಳದ ಬಹುಪಾಲು ಅದರೊಳಗೇ ಹೋಯಿತು.

"ಇದು ಎಷ್ಟ್ ದಿನ ಇರಬೇಕ್ರಿ?" ಎಂದು ಹೆಡ್‌ಮೇಡಮ್ ಕೇಳಿದರು.

ಗೊತ್ತಿಲ್ರಿ ಎಂದೆ. ಮಳೆಗೆ ಎರಡು ಸಲ ಅಳಿಸಿದೆ. ಎರಡು ಸಲವೂ ಹೋಗಿ ಎಳೆದು ಬಂದಿದ್ದೇವೆ.