ಮೇಣದ ತಲೆ

ವಿಲೆ ಪಾರ್ಲೆಯ ಹಾಸ್ಟೆಲಿನಲ್ಲಿ ನನ್ನ ಕೋಣೆಯಲ್ಲಿದ್ದವನು ಮಂಗಳೂರಿನ ಕ್ರಿಶ್ಚಿಯನ್ ಹುಡುಗ. ಎಲ್ಲದಕ್ಕೂ ಅವನದು ಒಂದೇ ಮಾತು, "ನೋಡುವ ಮಾರಾಯ." ಪಾಸಾಗುತ್ತೀಯಾ ಎಂದರೂ ಅದೇ, ದೇವರಿದ್ದಾನಾ ಎಂದರೂ ಅದೇ. ಹೇಳುವಾಗ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸುತ್ತಿದ್ದ. ಬೊಂಬಾಯಿಗೆ ಬಂದ ಮೇಲೆ ಅವನು ಭಾನುವಾರದ ಪ್ರಾರ್ಥನೆಗೂ ಇಗರ್ಜಿಗೆ ಹೋದದ್ದನ್ನು ನಾನು ಕಂಡಿರಲಿಲ್ಲ.

ಒಮ್ಮೆ ಫೇಲಾಗಿದ್ದ. ಈ ಸಲವೂ ಆದರೆ ಊರಿಗೆ ವಾಪಸು ಎಂದು ಅಪ್ಪ ಹೇಳಿಕಳಿಸಿದ್ದರು. ಹಾಗಾಗಿ ಪರೀಕ್ಷೆ ಮುಗಿದ ಸಂಜೆ ನನ್ನನ್ನೂ ಕರೆದುಕೊಂಡು ಬಾಂದ್ರಾದ ಗುಡ್ಡದ ಇಗರ್ಜಿಗೆ ಹೊರಟ. ಅಲ್ಲಿ ಹರಕೆಗೆ ಮೇಣದಲ್ಲಿ ಮಾಡಿದ್ದನ್ನು ಒಪ್ಪಿಸುತ್ತಾರೆ: ಕಾಲು ನೋವಿನವರು ಕಾಲು, ಮನೆ ಬೇಕಾದವರು ಮನೆ. ಪರೀಕ್ಷೆಗೆ ಯಾವುದೆಂದು ತಿಳಿಯದೆ ಇವನು ತಲೆ ಕೊಂಡ.

ಒಳಗೆ ಸಮುದ್ರದ ಗಾಳಿಗೆ ಮೋಂಬತ್ತಿಯ ಬೆಳಕು ತೂಗುತ್ತಿತ್ತು. ನಮ್ಮ ಮುಂದೆ ಒಬ್ಬಳು ತಾಯಿ ಎತ್ತಿಕೊಳ್ಳುವ ವಯಸ್ಸು ದಾಟಿದ ಮಗಳನ್ನು ಎತ್ತಿಕೊಂಡು ನಿಂತಿದ್ದಳು. ಮಗಳ ಕೈಯಲ್ಲಿ ಎರಡು ಮೇಣದ ಕಾಲುಗಳಿದ್ದವು. ಅವರು ಹೋಗಿ ಎಷ್ಟೋ ಹೊತ್ತಾದರೂ ಇವನು ಕಣ್ಣು ಮುಚ್ಚಿಯೇ ಇದ್ದ. ಹೊರಗೆ ಬಂದಾಗ ಮೇಣದ ತಲೆ ಇನ್ನೂ ಅವನ ಕೈಯಲ್ಲೇ ಇತ್ತು.

"ಒಪ್ಪಿಸ್ಲಿಲ್ವಾ?" ಎಂದೆ.

"ಆ ಹುಡುಗಿಗೋಸ್ಕರ ಬೇಡ್ಕೊಂಡೆ. ನನ್ನದು ಮರ್ತೇ ಹೋಯ್ತು."

ಕೋಣೆಯ ಕಿಟಕಿಯಲ್ಲಿಟ್ಟ ಆ ತಲೆ ಮೇ ತಿಂಗಳ ಬಿಸಿಲಿಗೆ ಮೆತ್ತಗಾಗಿ ಮುಂದಕ್ಕೆ ಬಾಗಿತು. ಅದರ ಪಕ್ಕದಲ್ಲೇ ಅವನು ದಿನಾ ಬೆಳಿಗ್ಗೆ ಮೊಣಕಾಲೂರುತ್ತಿದ್ದ.

ರಿಸಲ್ಟಿನಲ್ಲಿ ಅವನ ನಂಬರ್ ಇರಲಿಲ್ಲ. ಟ್ರಂಕು ತುಂಬುತ್ತಿದ್ದವನನ್ನು ಕೇಳಿದೆ, "ಇನ್ನೂ ನಂಬ್ತೀಯಾ?"

ಅವನು "ನೋಡುವ" ಎನ್ನಲಿಲ್ಲ. ಕನ್ನಡಕ ಒರೆಸುತ್ತ, "ಆ ಹುಡುಗಿ ನಡೆದೇ ನಡೀತಾಳೆ ಮಾರಾಯ," ಎಂದ.